ಮೊದಲ ಗಾಣದ ಎಣ್ಣೆ

ತುಳಸಿರಾಮ ಚಿತ್ರದ ಮೂಲೆಗೆ ತೋರುಬೆರಳು ಮುಟ್ಟಿಸಿ ತೆಗೆದ. ಬೆರಳಿಗೆ ಬಣ್ಣ ಹತ್ತಿತು. ಹಚ್ಚಿ ಇಪ್ಪತ್ತು ದಿನದ ಮೇಲಾಗಿತ್ತು, ಈಗಷ್ಟೇ ಕುಂಚದಿಂದ ಇಳಿದ ಹಾಗಿತ್ತು.

“ಈ ಬಿಸಿಲಾಗ ಬಾವಿನೇ ಒಣಗ್ಯಾದ, ಇದ್ಯಾಕ ಒಣಗವಲ್ದು?” ಎಂದ.

ಬಾಗಿಲ ಬಳಿ ಕೂತು ಜೋಳ ಹಸನು ಮಾಡುತ್ತಿದ್ದ ಉಮಾಬಾಯಿಯ ಕೈ ಮೊರದಲ್ಲೇ ನಿಂತಿತು. ಗಂಡನ ಆ ದನಿ ಅವಳು ಹಿಂದೆ ಕೇಳಿರಲಿಲ್ಲ.

ಚಿತ್ರದಲ್ಲಿದ್ದವಳು ಝರಾಸಂಗಂನ ಶಂಕರಮ್ಮನ ಒಬ್ಬಳೇ ಮಗಳು ಬಾಲಮಣಿ. ಒಂಬತ್ತು ವರ್ಷ. ಜ್ವರ ಬಂದ ನಾಲ್ಕನೇ ದಿನಕ್ಕೆ ಹೋಗಿಬಿಟ್ಟಿದ್ದಳು. ಅವರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಗೋಡೆಗೆ ಒರಗಿಸಿ ಕೂಡಿಸುತ್ತಾರೆ. ಹಾಗೆ ಕೂತ ಹುಡುಗಿಯ ಎದುರು ತುಳಸಿರಾಮನಿಗೆ ಸಿಕ್ಕಿದ್ದು ಎರಡೇ ತಾಸು. ಇದ್ದಲಿನಿಂದ ಬಟ್ಟೆಯ ಮೇಲೆ ಗೆರೆ ಎಳೆದುಕೊಂಡು ಬಂದು, ಮನೆಯಲ್ಲಿ ಆ ಗೆರೆಗಳ ಮೇಲೆಯೇ ಬಣ್ಣ ತುಂಬಿದ. ಮುಚ್ಚಿದ್ದ ಕಣ್ಣುಗಳನ್ನು ತಾಯಿ ಹೇಳಿದಂತೆ ತೆರೆಸಿದ. ಆ ಹುಡುಗಿಯದು ಫೋಟೋ ಅಂತ ಒಂದೂ ಇರಲಿಲ್ಲ. ಲೋಕದಲ್ಲಿ ಅವಳ ಮುಖ ಉಳಿದದ್ದು ಇದೊಂದರಲ್ಲೇ.

ಅದಕ್ಕೇ ಅವನು ವರ್ಷಗಟ್ಟಲೆ ಪೆಟ್ಟಿಗೆಯಲ್ಲಿ ಕಾದಿಟ್ಟದ್ದನ್ನೆಲ್ಲ ಹೊರಗೆ ತೆಗೆದಿದ್ದ. ತಾಂಡೂರಿನ ಅಂಗಡಿಯಲ್ಲಿ ಹತ್ತು ಥಾನು ಬಿಚ್ಚಿಸಿ, ಬೆಳಕಿಗೆ ಹಿಡಿದು ಹಿಡಿದು ಆರಿಸಿದ್ದ ಗಂಟಿಲ್ಲದ ಬಟ್ಟೆ. ಹೈದರಾಬಾದಿನಿಂದ ತರಿಸಿದ್ದ ವಿಲಾಯತಿ ಬಣ್ಣ. ತಾಲೂಕದಾರ ಸಾಹೇಬರ ಚಿತ್ರಕ್ಕೂ ಮುಟ್ಟದಿದ್ದ ಸಣ್ಣ ಕುಂಚ. ಬಣ್ಣ ಕಲೆಸುವ ಎಣ್ಣೆಯೊಂದು ತೀರಿತ್ತು. ಕಾಲಿಗೆ ಮುಳ್ಳು ನೆಟ್ಟು ಬಾತಿದ್ದರಿಂದ, “ಅಗಸಿ ಎಣ್ಣಿ ಬೇಕು, ಛಲೋದು ನೋಡಿ ತಾ,” ಎಂದು ಹೆಂಡತಿಯನ್ನೇ ಗಾಣದ ಮೊಗಲಪ್ಪನ ಹತ್ತಿರ ಕಳಿಸಿದ್ದ.

“ಯಾವ ಎಣ್ಣಿ ತಂದಿದ್ದಿ?” ಎಂದು ಈಗ ಕೇಳಿದ.

“ನೀವು ಛಲೋದು ನೋಡಿ ತಾ ಅಂದಿದ್ರಿ.”

“ಅಗಸಿದು ಹೌದಲ್ಲ?”

“ಅಗಸಿದು ಇತ್ರಿ. ಅದೇನು ಎಣ್ಣಿ! ಬಿಸಿಲಾಗ ಇಟ್ಟು ಇಟ್ಟು ಕಾಕಂಬಿ ಹಂಗ ಆಗಿತ್ತು. ಬೆರಳಿಗಿ ಅಂಟತಿತ್ತು, ನಾತ ಬ್ಯಾರೆ. ಇಂಥಾದ್ದು ಆ ಕೂಸಿನ ಮಾರಿಗಿ ಹಚ್ಚೋದಾ ಅನಿಸ್ತು. ಅವತ್ತೇ ಹಿಂಡಿದ ಮೊದಲ ಗಾಣದ ಶೇಂಗಾ ಎಣ್ಣಿ ಇತ್ರಿ. ತಿಳಿನೀರಿನ ಹಂಗ, ಘಮ್ ಅಂತಿತ್ತು. ನೆಕ್ಕಿ ನೋಡಿ ತಂದೀನಿ. ‘ಪಟ ಬರೀತಾನೋ, ಭಜಿ ಕರೀತಾನೋ ನಿನ್ನ ಗಂಡ?’ ಅಂತ ಮೊಗಲಪ್ಪ ನಕ್ಕ ಸುದ್ದಾ.”

ವಾಸನೆಯಿಂದಲೇ ತುಳಸಿರಾಮನಿಗೆ ತಿಳಿಯಬೇಕಿತ್ತು. ಆದರೆ ನಲವತ್ತು ವರ್ಷ ಟರ್ಪಂಟೈನು ಮೂಸಿ ಮೂಸಿ ಅವನ ಮೂಗು ಎಂದೋ ಸತ್ತಿತ್ತು. ಅವನು ಬೆರಳಿಗೆ ಹತ್ತಿದ ಬಣ್ಣವನ್ನು ಹೆಂಡತಿಗೆ ತೋರಿಸಿದ.

“ಕರದು ತಿನ್ನಾಕ ಅದಕ್ಕಿಂತ ಛಲೋ ಎಣ್ಣಿ ಇಲ್ಲ ಹುಚ್ಚಿ. ಆದ್ರ ಅದು ಒಣಗಂಗಿಲ್ಲ. ನೀ ಬಿಟ್ಟು ಬಂದ ಅಗಸಿದು ಒಣಗ್ತದ, ಹಂಗ ಅಂಟೋದೇ ನಮಗ ಬೇಕಾಗಿತ್ತು. ಇದು ನಾಳಿಗೂ ಒಣಗಂಗಿಲ್ಲ, ನಾವಿಬ್ಬರೂ ಸತ್ತ ಮ್ಯಾಲೂ ಒಣಗಂಗಿಲ್ಲ.”

ಬೈದಿದ್ದರೆ ಉಮಾಬಾಯಿಗೆ ಎದೆ ಹಗುರಾಗುತ್ತಿತ್ತು. ಅವನು ಬೈಯಲಿಲ್ಲ. ಅಷ್ಟರಲ್ಲಿ ಅಂಗಳದಲ್ಲಿ ಬಂಡಿ ನಿಂತಿತು. ಶಂಕರಮ್ಮ ಒಂದು ಮಡಿಸಿದ ಕೌದಿ ಎದೆಗವಚಿಕೊಂಡು ಒಳಗೆ ಬಂದಳು.

“ಮಾಸ್ತರ, ಹುಣ್ಣಿಮಿಗಿ ಒಣಗ್ತದ ಅಂದಿದ್ರಿ. ಬಂಡ್ಯಾಗ ಆಕಿಗಿ ಧಕ್ಕಿ ಆಗಬಾರ್ದಂತ ಹಾಸಾಕ ಕೌದಿ ತಂದೀನ್ರಿ.”

ಪ್ರತಿ ಸೋಮವಾರ ಬಂದು, ಹಸಿ ಬಣ್ಣ ಮುಟ್ಟಬಾರದು ಎಂದಿದ್ದಕ್ಕೆ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, ದೂರದಿಂದ ನೋಡಿ ಹೋಗುತ್ತಿದ್ದ ಹೆಂಗಸು. ಇಂದು ಸೀದಾ ಚಿತ್ರದ ಮುಂದೆ ಹೋದಳು. ಸೊಂಟದ ಚೀಲದಿಂದ ವಿಭೂತಿ ತೆಗೆದು ಮೂರು ಬೆರಳಿಗೆ ಹಚ್ಚಿಕೊಂಡಳು.

“ಶಂಕರಮ್ಮಾರ…” ಉಮಾಬಾಯಿ ಎದ್ದಳು. ಮಗಳ ಹಣೆ ಮುಟ್ಟಬೇಡ ಎಂದು ತಾಯಿಗೆ ಯಾವ ಬಾಯಿಂದ ಹೇಳುವುದು?

ಮೂರು ಬೆರಳು ಹಣೆಯ ಈ ತುದಿಯಿಂದ ಆ ತುದಿಗೆ ಹೋದವು. ವಿಭೂತಿ ನಿಲ್ಲಲಿಲ್ಲ. ಹಣೆಯೇ ಬೆರಳಿಗೆ ಬಂತು, ಜೊತೆಗೆ ಒಂದು ಹುಬ್ಬು. ಶಂಕರಮ್ಮ ಗಾಬರಿಯಾಗಿ ಸೆರಗಿನ ತುದಿಯಿಂದ ಒರೆಸಿದಳು, ಮಗುವಿನ ಮುಖಕ್ಕೆ ಏನಾದರೂ ಮೆತ್ತಿದರೆ ಯಾವ ತಾಯಿಯೂ ಒರೆಸುವಂತೆ, ಎರಡು ಸಲ, ಮೂರು ಸಲ. ಕಣ್ಣು ಕೆನ್ನೆಗೆ ಇಳಿಯಿತು. ಕೆನ್ನೆ ತುಟಿಯೊಳಗೆ ಕಲೆಸಿಹೋಯಿತು.

“ತಪ್ಪು ನಂದವ್ವ! ಎಣ್ಣಿ ಆರಿಸಿದಾಕಿ ನಾ!” ಉಮಾಬಾಯಿ ಅವಳ ಕಾಲು ಹಿಡಿದಳು. ಶಂಕರಮ್ಮ ಕೆಳಗೆ ನೋಡಲೂ ಇಲ್ಲ.

ತುಳಸಿರಾಮ ಕುಂಟುತ್ತ ಹೋಗಿ ಉಳಿದಿದ್ದ ಬಟ್ಟೆಯ ತುಂಡು ಹರಡಿದ. ಇದ್ದಲು ಹಿಡಿದು ಕೂತ.

“ಮತ್ತ ಬರೀತೀನಿ ತಾಯಿ. ಆದ್ರ ನನ್ನ ಎರಡು ತಾಸಿನ ನೆನಪು ಸಾಲಂಗಿಲ್ಲ. ನೀವು ಹೆತ್ತವರು. ಕಣ್ಣು ಮುಚ್ಚಿ, ಆಕಿನ್ನ ಮುಂದ ತಂದುಕೊಂಡು ಹೇಳ್ರಿ. ಹಣಿ ಹ್ಯಾಂಗಿತ್ತು?”

ಶಂಕರಮ್ಮ ಕಣ್ಣು ಮುಚ್ಚಿದಳು. ಇದ್ದಲು ಬಟ್ಟೆಯ ಮೇಲೆ ಒಂದು ಚುಕ್ಕೆಯಾಗಿ ಕಾಯುತ್ತಿತ್ತು. ಅವಳು ಕಣ್ಣು ತೆರೆದಳು.

“ದಿನಾ ಇದನ್ನೇ ನೆನೆಸಿ ನೆನೆಸಿ, ಈ ಪಟದ ಮಾರಿನೇ ಆಕಿ ಮಾರಿ ಆಗಿತ್ರಿ ಮಾಸ್ತರ,” ಎಂದಳು. “ಈಗ ಕಣ್ಣು ಮುಚ್ಚಿದ್ರ, ಒರಸಿದ್ದೇ ಕಾಣತದ.”