ಮುಷ್ಟಿಯೊಳಗಿನ ಫ್ಯೂಸು

ಕೇಬಲ್ಲಿನ ರಬ್ಬರು ಕಾದ ವಾಸನೆ ಮೂಗಿಗೆ ಬಡಿದರೆ ಈಗಲೂ ನನ್ನ ಬಲಗೈ ತಾನಾಗಿ ಮುಷ್ಟಿ ಕಟ್ಟುತ್ತದೆ.

ನಾನು ಚಿಕ್ಕವಳಿದ್ದಾಗ ಕವಲಂದೆಯ ಅಕ್ಕಿ ಗಿರಣಿಗೆ ಶೆಡ್ ಏಳುತ್ತಿತ್ತು. ಅಲ್ಲಿ ವೆಲ್ಡಿಂಗ್ ಕೆಲಸಕ್ಕಿದ್ದ ಅಪ್ಪನಿಗೆ ಬುತ್ತಿ ಕೊಡಲು ಹೋಗಿದ್ದೆ. ಚಿಕ್ಕಪ್ಪ ಆಗಲೇ ಬೆಸುಗೆ ಹಾಕಲು ಕಬ್ಬಿಣದ ತೊಲೆಯ ಮೇಲೆ ಬೆವರಿ ತೊಯ್ದು ಕೂತಿದ್ದ. ಕೆಲಸ ಬೇಗ ಮುಗಿಯಲೆಂದು ಮಾಲೀಕರು ಎರಡನೇ ವೆಲ್ಡಿಂಗ್ ಮಿಷನ್ ತರಿಸಿ, ತಮ್ಮ ಆಳಿನಿಂದಲೇ ಕೇಬಲ್ ಹಾಕಿಸಿದ್ದರು. ರಬ್ಬರು ಕಾದ ವಾಸನೆಗೆ ತಿರುಗಿ ಅದನ್ನು ನೋಡಿದವನೇ ಅಪ್ಪ ಕರೆಂಟಿನ ಬೋರ್ಡಿನಿಂದ ಪಿಂಗಾಣಿ ಫ್ಯೂಸು ಕಿತ್ತು ನನ್ನ ಕೈಗಿಟ್ಟ.

"ನಾನ್ ಕೇಳೋಗಂಟ ಯಾರ್ಗೂ ಕೊಡ್ಬ್ಯಾಡ ಕಣವ್ವ."

"ಸಂಜೆ ಒಳ್ಗೆ ಶೀಟ್ ಏರ್ಬೇಕು ಕಣ್ಲಾ!" ಮಾಲೀಕರು ಕೂಗಿದರು.

"ಎಲ್ಡು ಮಿಷನ್ ಅರ್ತ್ ವೈರೂ ಒಂದೇ ಕ್ಲಾಂಪಿಗೆ ಸಿಕ್ಸವ್ರೆ ಸಾ. ಅದು ಸಡ್ಲಾದ್ರೆ ಮೇಲ್ ಕುಂತವ್ನ ಮೈಯೇ ವೈರಾಯ್ತದೆ."

ಬುತ್ತಿಗೆ ಸುತ್ತಿದ್ದ ಅವ್ವನ ಹಳೇ ಸೀರೆಯ ತುಂಡನ್ನು ಅಪ್ಪ ಹರಿದ. ಒಂದು ಮಿಷನ್ನಿನ ಎರಡೂ ಕೇಬಲ್ಲಿಗೆ ಹಸಿರು ಚೂರು, ಇನ್ನೊಂದರ ಕೇಬಲ್ಲುಗಳಿಗೆ ಕೆಂಪು ಅಂಚು ಕಟ್ಟಿದ. ಒಂದೊಂದು ಕೇಬಲ್ಲನ್ನೂ ಕೈಯಲ್ಲಿ ಸವರುತ್ತ ತುದಿಯವರೆಗೆ ನಡೆದು, ಬೆಸೆಯುವ ಜಾಗದ ಪಕ್ಕದಲ್ಲೇ ಬೇರೆ ಬೇರೆ ಕ್ಲಾಂಪ್ ಬಿಗಿದ.

ಅಷ್ಟರಲ್ಲಿ ಮಾಲೀಕರು ನನ್ನ ಮುಂದೆ ಕೈ ಚಾಚಿದರು. "ಕೊಡವ್ವ ಇಲ್ಲಿ."

ನಾನು ಕೈಯನ್ನು ಬೆನ್ನ ಹಿಂದಿಟ್ಟುಕೊಂಡೆ.

ಅಪ್ಪ ಬಂದು ಕೇಳಿದಾಗಲೇ ಮುಷ್ಟಿ ಬಿಚ್ಚಿದ್ದು. ಫ್ಯೂಸಿನ ಅಂಚು ಅಂಗೈಯಲ್ಲಿ ಕೆಂಪಗೆ ಒತ್ತಿತ್ತು. ಅಪ್ಪ ಆ ಗುರುತನ್ನು ಹೆಬ್ಬೆರಳಿನಿಂದ ಉಜ್ಜಿ, ತೊಲೆಯ ಕಡೆ ಕತ್ತೆತ್ತಿ ಕೂಗಿದ: "ಈಗ ಸುರು ಮಾಡು ಕಣ್ಲಾ!"