ಧಾರೆಗೆ ಮುಂಚೆ ಒಂದು ಕ್ಷೌರ

ಮದುವೆ ಗಂಡು ಕೋಣೆಯಲ್ಲಿಲ್ಲ ಎಂದು ಗಂಡಿನ ಕಡೆಯವರೇ ಬಂದು ಪಿಸುಗುಟ್ಟಿದಾಗ ಹೆಣ್ಣಿನ ತಂದೆ ದೊಡ್ಡಮಲ್ಲಪ್ಪ ಅವರನ್ನು ಕಂಬದ ಮರೆಗೆ ಎಳೆದರು. ಚಾಮರಾಜನಗರದ ಆ ಛತ್ರದಲ್ಲಿ ಓಲಗದವರು ಆಗಲೇ ಶ್ರುತಿ ಹಿಡಿದಿದ್ದರು. ತಮ್ಮೂರು ಉಡಿಗಾಲದ ನೆಂಟರು ಬಸ್ಸಿನಿಂದ ಇಳಿಯುತ್ತಿದ್ದರು. ಮಗಳು ರೂಪಶ್ರೀ ಮೇಲಿನ ಕೋಣೆಯಲ್ಲಿ ಧಾರೆ ಸೀರೆ ಉಡುತ್ತಿದ್ದಳು. ಗಂಡು ಸೋಮೇಶ್ ಫೋನನ್ನು ದಿಂಬಿನ ಮೇಲೇ ಬಿಟ್ಟು ಹೋಗಿದ್ದ.

ಯಾರಿಗೂ ಹೇಳಬೇಡಿ ಎಂದು ಸನ್ನೆ ಮಾಡಿ ದೊಡ್ಡಮಲ್ಲಪ್ಪ ಬಸ್ ಸ್ಟ್ಯಾಂಡಿಗೆ ಓಡಿದರು. ಹುಡುಗನ ಊರು ಗುಂಡ್ಲುಪೇಟೆ. ಆ ಕಡೆ ಹೊರಟು ನಿಂತಿದ್ದ ಬಸ್ಸು ಹತ್ತಿ ಒಂದೊಂದು ಮುಖವನ್ನೂ ನೋಡಿದರು. ಇರಲಿಲ್ಲ. ಮಗಳಿಗೆ ಏನೆಂದು ಹೇಳಲಿ ಎಂದುಕೊಳ್ಳುತ್ತಾ ಹಿಂದಿರುಗಿದವರು, ಯಾರ ಕಣ್ಣಿಗೂ ಬೀಳಬಾರದೆಂದು ಛತ್ರದ ಹಿತ್ತಿಲ ಕಡೆಯಿಂದ ಒಳಗೆ ಬಂದರು.

ಅಲ್ಲಿ, ನೀರಿನ ತೊಟ್ಟಿಯ ಕಟ್ಟೆಯ ಮೇಲೆ, ಬನಿಯನ್ ಪಂಚೆಯಲ್ಲಿ ಸೋಮೇಶ್ ಕುಳಿತಿದ್ದ. ಪಕ್ಕದಲ್ಲಿ ರೇಜರಿಟ್ಟುಕೊಂಡು, ಆಗಷ್ಟೇ ಕೊಂಡು ತಂದ ಹೊಸ ಶೇವಿಂಗ್ ಬ್ರಶ್ಶನ್ನು ಸೋಪಿನ ಮೇಲೆ ಗಸಗಸ ಉಜ್ಜುತ್ತಿದ್ದ. ಗಡ್ಡದ ತುಂಬ ಸೋಪಿನ ಚೂರು. ನೊರೆಯ ಸುಳಿವೇ ಇಲ್ಲ.

ದೊಡ್ಡಮಲ್ಲಪ್ಪನವರಿಗೆ ಹೋದ ಜೀವ ಬಂದಂತಾಯಿತು. ಅವನ ಪಕ್ಕದಲ್ಲೇ ಕಟ್ಟೆಯ ಮೇಲೆ ಕುಳಿತರು. "ಎಲ್ಲೋಗ್ಬುಟ್ರಪ್ಪ! ಎದೆ ಒಡೆದೋಗದೊಂದು ಬಾಕಿ."

"ಅಂಗ್ಡಿಗೋಗಿದ್ದೆ ಮಾವ. ಮಶೀನಲ್ಲಿ ಟ್ರಿಮ್ ಮಾಡಿಯೇ ಅಭ್ಯಾಸ, ಇದು ನೊರೇನೇ ಬತ್ತಿಲ್ಲ."

"ಒಣ ಬ್ರಶ್ಶು ಉಜ್ಜುದ್ರೆ ಎಲ್ಲಿಂದ ಬಂದದು? ಕೊಡಿ ಇಲ್ಲಿ."

ಅಡುಗೆಯವರ ಹಂಡೆಯಿಂದ ಒಂದು ಲೋಟ ಬಿಸಿನೀರು ತಂದರು. ಬ್ರಶ್ಶನ್ನು ಅಂಗೈಗೆ ಬಡಿದು, ಸಡಿಲವಾಗಿದ್ದ ಎಳೆಗಳನ್ನು ಉದುರಿಸಿ, ಕತ್ತಿನವರೆಗೆ ನೀರಿಗೆ ಇಳಿಬಿಟ್ಟರು. "ನೆನೀಲಿ. ಈಗೇಳಿ, ಮುಹೂರ್ತದ ಹೊತ್ನಲ್ಲಿ ಇದ್ಯಾಕೆ?"

ಸೋಮೇಶ್ ತಲೆ ತಗ್ಗಿಸಿದ. "ಚಿಕ್ಕವನಾಗಿದ್ದಾಗ ಮುಳ್ಳುತಂತಿ ಮೇಲೆ ಬಿದ್ದಿದ್ದೆ ಮಾವ. ಕೆನ್ನೆ ಮೇಲೆ ದೊಡ್ಡ ಗಾಯದ ಗುರುತದೆ. ಗಡ್ಡ ಬಂದಾಗಿಂದ ಮುಚ್ಕಂಡೇ ಬಂದೆ. ರೂಪಶ್ರೀ ಅವ್ರಿಗೆ ಹೇಳ್ಬೇಕು ಅಂತ ಎಷ್ಟ್ ಸಲ ಫೋನ್ ಮಾಡುದ್ರೂ ಬಾಯೇ ಬರ್ನಿಲ್ಲ. ತಾಳಿ ಕಟ್ಟಾದ್ಮೇಲೆ ಗೊತ್ತಾದ್ರೆ ಮೋಸ ಅಲ್ವಾ? ಮೊದ್ಲೇ ನೋಡ್ಬುಡ್ಲಿ. ಬ್ಯಾಡ ಅಂದ್ರೆ..."

ದೊಡ್ಡಮಲ್ಲಪ್ಪ ನೆಂದು ಮೆತ್ತಗಾಗಿದ್ದ ಬ್ರಶ್ಶನ್ನು ತೆಗೆದು, ಹಗುರಾಗಿ ಕೊಡವಿ, ಸೋಪಿನ ಮೇಲೆ ದುಂಡಗೆ ತಿರುಗಿಸಿದರು. ನೋಡನೋಡುತ್ತಿದ್ದಂತೆ ಮಜ್ಜಿಗೆ ಕಡೆದಾಗ ಬೆಣ್ಣೆ ಬರುವ ಹಾಗೆ ನೊರೆ ಬಂತು. ಹುಡುಗನ ಗಲ್ಲ ಎತ್ತಿ ತಾವೇ ಹಚ್ಚಿದರು, ರೇಜರನ್ನೂ ತಾವೇ ಹಿಡಿದರು. ಗಡ್ಡ ಇಳಿಯುತ್ತಿದ್ದಂತೆ ಕಿವಿಯ ಬುಡದಿಂದ ಗಲ್ಲದವರೆಗೆ ಬಿಳಿಚಿದ ಗೆರೆಯೊಂದು ಬಯಲಾಯಿತು. ಅವರು ಅಂದುಕೊಂಡಿದ್ದಕ್ಕಿಂತ ದೊಡ್ಡದೇ ಇತ್ತು. ರೇಜರು ಒಂದು ಗಳಿಗೆ ನಿಂತಿತು. ಇವನು ನನ್ನಿಂದಲೂ ಮುಚ್ಚಿಡಬಹುದಿತ್ತು, ಮುಚ್ಚಿಡಲಿಲ್ಲವಲ್ಲ ಎನ್ನಿಸಿ ಅವರ ಮನಸ್ಸು ಹಗುರಾಯಿತು. ಆದರೆ ನೋಡಬೇಕಾದವಳು ಮಗಳು. ಮುಖ ಒರೆಸಿ, "ಬನ್ನಿ" ಎಂದು ಕೈಹಿಡಿದು ಮಹಡಿಗೆ ಕರೆದೊಯ್ದರು.

ಹೆಣ್ಣಿನ ಕೋಣೆಗೆ ಗಂಡು ಬಂದದ್ದು ಕಂಡು ಸೆರಗು ಸಿಕ್ಕಿಸುತ್ತಿದ್ದ ಹೆಂಗಸರ ಕೈ ನಿಂತಿತು. ಅವನ ಕೆನ್ನೆ ಕಂಡು ಅವರು ರೂಪಶ್ರೀಯ ಕಡೆ ತಿರುಗಿದರು. ದೊಡ್ಡಮಲ್ಲಪ್ಪ ನೊರೆ ಮೆತ್ತಿದ ಕೈಯಲ್ಲಿ ರೇಜರು ಹಿಡಿದೇ ಬಾಗಿಲಲ್ಲಿ ನಿಂತರು.

ರೂಪಶ್ರೀ ಹತ್ತಿರ ಬಂದಳು. ಕಿವಿಯ ಬುಡದಿಂದ ಕೆಳಕ್ಕೆ, ಆ ಗೆರೆಯ ಮೇಲೆ ನಿಧಾನವಾಗಿ ಬೆರಳಾಡಿಸಿದಳು. ಗಲ್ಲದ ಹತ್ತಿರ ಬೆರಳು ನಿಂತಿತು.

"ಅಪ್ಪ, ನೋಡಿಲ್ಲಿ," ಎಂದಳು, "ನಾಕು ಕೂದ್ಲು ಹಂಗೇ ಬುಟ್ಬುಟ್ಟಿದ್ದೀಯ."