ಅವ್ವನ ದಾರ

ಹೊಸ ಸೀರೆಯ ಗಂಜಿ ವಾಸನೆ ಮೂಗಿಗೆ ಬಡಿದರೆ ಸಾಕು, ಸೊಲ್ಲಾಪುರದ ನಮ್ಮ ಮಗ್ಗದ ಕೋಣೆ ಈಗಲೂ ಕಣ್ಣ ಮುಂದೆ ಬರುತ್ತದೆ.

ಅವ್ವನಿಗೆ ಓದು ಬರುತ್ತಿರಲಿಲ್ಲ. ಕ್ರೈಸ್ತ ದೀಕ್ಷಾಸ್ನಾನ ಕೊಡುವ ಮುನ್ನ ಅವಳನ್ನು ಪರೀಕ್ಷಿಸಲು ಒಂದು ಮಧ್ಯಾಹ್ನ ಚರ್ಚಿನ ಮರಾಠಿ ಉಪದೇಶಿಗಳು ಬಂದಿದ್ದರು. ಅವರು ಒಮ್ಮೆ ಕೆಮ್ಮಿದರೆ ಬಾಗಿಲ ಹಿಂದಿನಿಂದ ನಾನು ಅವರಿಗಿಂತ ಚೆನ್ನಾಗಿ ಕೆಮ್ಮುತ್ತಿದ್ದೆ. ಓದು ಬಿಟ್ಟು ಉಳಿದದ್ದೆಲ್ಲ ನನಗೆ ಬರುತ್ತಿತ್ತು.

“ಯೇಸು ನಮಗ ಏನು, ಬಾಯಿ? ಹಿಂದಿನ ವಾರ ಮರಾಠ್ಯಾಗ ಹೇಳಿದ್ನಲ್ಲ?”

“ದಾರರಿ.”

ಉಪದೇಶಿಗಳ ಮುಖ ಅರಳಿತು. ಅವ್ವ ಮಗ್ಗದ ಎಳೆಯೊಂದನ್ನು ಬೆರಳಲ್ಲಿ ಎತ್ತಿ ತೋರಿಸಿದಳು. “ಇದರಾಂಗರಿ. ಹರದ್ರ ಗಂಟ ಹಾಕಬೇಕು, ಕೈ ಬಿಡಬಾರ್ದು. ದಿನಾ ನೋಡತೀನಲ್ರಿ.”

ನಾನು ಕಿಸಕ್ಕನೆ ನಕ್ಕೆ. “ಯವ್ವಾ, ಮರಾಠ್ಯಾಗ ದಾರ ಅಂದ್ರ ಬಾಗಲಾ! ಯೇಸು ಬಾಗಲಾ ಅಂತ ಅವರು ಹೇಳಿದ್ದು!”

ಉಪದೇಶಿಗಳ ಹುಬ್ಬು ಗಂಟಿಕ್ಕಿತು. ದೀಕ್ಷಾಸ್ನಾನ ಇನ್ನೊಂದು ವರ್ಷ ಮುಂದಕ್ಕೆ ಹೋಯಿತು ಎಂದುಕೊಂಡೆ.

ಅವ್ವ ಎಳೆ ಬಿಡಲಿಲ್ಲ. “ಬಾಗಲಾ ಆದ್ರ ಇನ್ನೂ ಚಲೋ ಆತು. ಒಳಗ ಬರೂ ಮುಂದ, ಹೊರಗ ಹೋಗೂ ಮುಂದ ಅದರಾಗ ಅವನ್ನ ನೋಡತೀನಿ. ದಾರದಾಗ ನೋಡೂದೂ ಬಿಡಂಗಿಲ್ರಿ.”

ಉಪದೇಶಿಗಳು ಎದ್ದು ಹೊರಟರು. ನಮ್ಮ ಗಿಡ್ಡ ಬಾಗಿಲಿಗೆ ತಲೆ ಬಗ್ಗಿಸಿದವರು ಅಲ್ಲೇ ನಿಂತು ಚೌಕಟ್ಟನ್ನು ಮೇಲಿಂದ ಕೆಳಗಿನವರೆಗೆ ನೋಡಿದರು.

“ರವಿವಾರ ದೀಕ್ಷಾಸ್ನಾನಕ್ಕ ಬರ್ರಿ, ಬಾಯಿ,” ಎಂದು ಕೆಮ್ಮಿದರು.

ನನಗೆ ತಿರುಗಿ ಕೆಮ್ಮಲು ನೆನಪೇ ಆಗಲಿಲ್ಲ.